ದಬ್ಬೇಘಟ್ಟಕ್ಕೆ ಸುಳಿ ಎಲೆ ತರಲು ಹೋದದ್ದು

ರಾಗಿ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದೆ. ಕೊಬ್ಬರಿ ಮಂಡಿಯಿಂದ ಊಟಕ್ಕೆ ಬಂದ ನಮ್ಮವರು ಚಪ್ಪಲಿ ಬಿಡುವ ಮೊದಲೇ, "ನಿನ್ನ ತಂಗಿ ಮಗಳು ಗಿರಿಜಾ ನಾಳೆ ಬೆಳಗಿನ ರೈಲಿಗೆ ಬರ್ತಾಳಂತೆ. ಮೂರು ದಿನ ತೋಟ ಸುತ್ತೋ ಕೆಲಸವಂತೆ. ಜೊತೆಗೆ ನೀನು ಹೋಗ್ಬೇಕಂತೆ," ಎಂದರು. ಮಂಡಿಯ ಫೋನಿಗೆ ಬೆಂಗಳೂರಿನಿಂದ ತಂಗಿಯೇ ಮಾತಾಡಿದ್ದಳು.

"ಮೂರು ದಿನ ನಿಮಗೆ ಮುದ್ದೆ ತಿರುವೋರು ಯಾರು?" ಎಂದೆ.

"ತಿಪಟೂರಲ್ಲಿ ಹೋಟೆಲಿಗೇನು ಬರವಾ? ಹೋಗ್ಬಾ ಕಣೇ," ಎಂದು ನಕ್ಕರು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಹಬ್ಬ, ಮದುವೆ, ಸಾವು, ಇವುಗಳ ಕಾರಣವಿಲ್ಲದೆ ನಾನು ಮನೆ ಬಿಟ್ಟು ಹೊರಟದ್ದು ಅದೇ ಮೊದಲು. ದೇವರ ಮುಂದೆ ದೀಪ ಹಚ್ಚಿ, "ಮಗುವಿನ ಕೆಲಸ ಕೈಗೂಡಲಿ, ಬಸ್ಸಿನಲ್ಲಿ ಕೂರಲು ಜಾಗ ಸಿಗಲಿ" ಎಂದು ಎರಡನ್ನೂ ಒಟ್ಟಿಗೇ ಕೇಳಿಕೊಂಡೆ.

ಗಿರಿಜಾ ಇಳಿದದ್ದು ಬಟ್ಟೆಯ ಚೀಲಕ್ಕಿಂತ ದೊಡ್ಡದಾದ ಒಂದು ಥರ್ಮೋಕೋಲ್ ಪೆಟ್ಟಿಗೆಯ ಜೊತೆ. ನಿಲ್ದಾಣದ ಹತ್ತಿರ ಐಸ್‌ಕ್ಯಾಂಡಿ ಮಾಡುವವನಲ್ಲಿ ಮಂಜುಗಡ್ಡೆ ಒಡೆಸಿ ತುಂಬಿಸಿ, ಮೇಲೆ ಗೋಣಿತಾಟು ಹೊದಿಸಿ, ಚಿಕ್ಕನಾಯಕನಹಳ್ಳಿಗೆ ಹೋಗಲು ಮೊದಲು ಕಿಬ್ಬನಹಳ್ಳಿಯ ಬಸ್ಸು ಹತ್ತಿದೆವು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಪೆಟ್ಟಿಗೆ ನೋಡಿದ ಕಂಡಕ್ಟರು, "ಏನ್ರೀ ಇದು, ಮೀನಾ?" ಎಂದ. "ಶಿವ ಶಿವಾ! ಖಾಲಿ ಐಸು ಕಣಪ್ಪ, ಎಲೆ ಇಡೋಕೆ," ಎಂದೆ. "ವೀಳ್ಯದೆಲೆಗೂ ಐಸು ಇಡೋ ಕಾಲ ಬಂತಾ!" ಎಂದು ಅದಕ್ಕೂ ಅರ್ಧ ಟಿಕೆಟ್ಟು ಹರಿದ. ಆದರೆ ಮುಂದಿನ ಸೀಟನ್ನೇ ಬಿಡಿಸಿಕೊಟ್ಟ. ಕೇಳಿಕೊಂಡ ಎರಡರಲ್ಲಿ ಒಂದು ಅಲ್ಲಿಗೆ ನಡೆದಿತ್ತು.

ದಾರಿಯಲ್ಲಿ ಗಿರಿಜಾ ತನ್ನ ಕಾಲೇಜಿನ ಸಂಶೋಧನೆಯ ಕೆಲಸವನ್ನು ನನಗೆ ಅರ್ಥವಾಗುವ ಹಾಗೆ ಹೇಳಿದಳು. ತೆಂಗಿನ ಮರಗಳೆಲ್ಲ ಕಣ್ಣಿಗೆ ಒಂದೇ ಥರ ಕಂಡರೂ ಹುಟ್ಟುಗುಣದಲ್ಲಿ ಬೇರೆ ಬೇರೆ ಇರಬಹುದು. ಎಷ್ಟು ಬೇರೆ ಎಂದು ಅಳೆಯಬೇಕು. ಎಳೆಯ ಎಲೆಯನ್ನು ಅರೆದು, ಅದರ ರಸವನ್ನು ಗಂಜಿ ಹೆಪ್ಪುಗಟ್ಟಿಸಿದ ತಟ್ಟೆಯ ಅಂಚಿಗೆ ಇಟ್ಟು ಕರೆಂಟು ಹಾಯಿಸಿದರೆ, ರಸದೊಳಗಿನ ಅಂಶಗಳು ಗಂಜಿಯಲ್ಲಿ ಸರಿದು ನಿಲ್ಲುತ್ತವೆ. ಬಣ್ಣ ಹಾಕಿದರೆ ಗೆರೆಗಳಾಗಿ ಕಾಣುತ್ತವೆ. ಒಂದು ಮರದ ಗೆರೆಗೂ ಇನ್ನೊಂದರ ಗೆರೆಗೂ ಹೋಲಿಸಿ ನೋಡುವುದು.

"ನೋಡಿ ಏನು ಮಾಡ್ತಾರೆ?" ಎಂದೆ.

"ಬುಡ ಕೊಳೆಸೋ ಅಣಬೆ ರೋಗ ಬಂತು ಅಂತ ಇಟ್ಕೊಳ್ಳಿ ದೊಡ್ಡಮ್ಮ. ಎಲ್ಲಾ ಮರಾನೂ ಒಂದೇ ಗುಣದ್ದಾದ್ರೆ ತೋಟಾನೇ ಹೋಗಬಹುದು. ಬೇರೆ ಬೇರೆ ಇದ್ರೆ ಕೆಲವಾದ್ರೂ ತಡ್ಕೊಂಡು ನಿಲ್ಲಬಹುದು. ನಮ್ಮಲ್ಲಿ ಎಷ್ಟು ಬಗೆ ಉಳಿದಿವೆ ಅಂತ ಮೊದಲು ಗೊತ್ತಾಗ್ಬೇಕಲ್ಲ?"

ಗಂಜಿ ಹೆಪ್ಪುಗಟ್ಟಿಸುವುದು ನನಗೆ ಗೊತ್ತಿದ್ದ ಕೆಲಸ. ಅದರಲ್ಲಿ ಮರದ ಕುಲಗೋತ್ರ ಕಾಣುತ್ತದೆಂದು ಗೊತ್ತಿರಲಿಲ್ಲ.

ತಿಪಟೂರು ಕಡೆಯ ಎಲೆಗಳನ್ನು ಅವಳು ಹಿಂದೆಯೇ ಒಯ್ದಿದ್ದಳು. ಉಳಿದದ್ದು ಎರಡು ಊರು. ಒಂದೊಂದರಲ್ಲೂ ಮೂವತ್ತು ಮರ, ಮರಕ್ಕೊಂದು ಕಟ್ಟು. ಕಾಲೇಜಿನಲ್ಲಿ ಹೀಗೆ ಕರೆಂಟು ಹಾಯಿಸುವ ಯಂತ್ರಕ್ಕೆ ಅವಳ ಸರದಿ ನಾಲ್ಕನೆಯ ದಿನ. ತಪ್ಪಿದರೆ ಮತ್ತೆ ಸಿಗುವುದು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಅವಳ ಓದಿನ ಅವಧಿಯೇ ಮುಗಿಯುತ್ತದೆ.

ಚಿಕ್ಕನಾಯಕನಹಳ್ಳಿಯಲ್ಲಿ ನಮ್ಮವರ ಪರಿಚಯದ ವ್ಯಾಪಾರಿಯೊಬ್ಬರ ತೋಟ. ಮರ ಹತ್ತುವವರು ಇಬ್ಬರು ಕಾದಿದ್ದರು. ಒಂದೊಂದು ಮರದಲ್ಲೂ ಸುಳಿಯ ಪಕ್ಕದಲ್ಲಿ ಬಿಚ್ಚಿಕೊಳ್ಳುತ್ತಿದ್ದ ಹೊಸ ಗರಿಯಿಂದ ನಾಲ್ಕು ಎಲೆ ಕೊಯ್ದು ಇಳಿಸಿದರು. ಗಿರಿಜಾ ನಂಬರು ಬರೆದು ಕಟ್ಟಿದಳು, ನಾನು ಒದ್ದೆ ಬಟ್ಟೆ ಸುತ್ತಿದೆ. ಹೊತ್ತು ಮುಳುಗುವ ಮೊದಲೇ ಮುಗಿಯಿತು. ರಾತ್ರಿ ಅವರ ಮನೆಯಲ್ಲೇ ಹುರುಳಿಕಾಳಿನ ಸಾರು, ಬಿಸಿ ಮುದ್ದೆ. ಬೇರೆಯವರ ಕೈಯ ಮುದ್ದೆ ಉಂಡು ಎಷ್ಟು ಕಾಲವಾಗಿತ್ತೋ.

ಮರುದಿನ ಕಿಬ್ಬನಹಳ್ಳಿಗೆ ಹಿಂದಿರುಗಿ ಅಲ್ಲಿಂದ ತುರುವೇಕೆರೆಗೆ ಬಂದೆವು. ಸೋಡಾ ಅಂಗಡಿಯಲ್ಲಿ ಹೊಸ ಮಂಜುಗಡ್ಡೆ ಸಿಕ್ಕಿತು. ಅಂಗಡಿಯವನು ಕರಗಿದ ನೀರನ್ನು ತಾನೇ ಬಸಿದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ದಬ್ಬೇಘಟ್ಟ ತಲುಪಿದೆವು.

ದಬ್ಬೇಘಟ್ಟ ನನ್ನ ತವರು. ನಮ್ಮ ದೊಡ್ಡಪ್ಪನ ಮಗ ರುದ್ರಣ್ಣನ ತೋಟದಲ್ಲಿ ಎಲೆ ಕೊಯ್ಯುವುದೆಂದು ಗಿರಿಜಾ ಮೊದಲೇ ಹೇಳಿಕಳಿಸಿದ್ದಳು. ಬಾಗಿಲಲ್ಲೇ ಅಣ್ಣ ಎದುರಾದ.

"ಬಾ ಸೊಸೆ, ಬಾ! ನಿನ್ ಕೆಲಸ ಆಗೋಗದೆ. ಈ ಬಿಸ್ಲಲ್ಲಿ ಎಲ್ಲಿ ಅಲೀತೀಯ ಅಂತ ತಿಮ್ಮಯ್ಯನ್ನ ಬೆಳಿಗ್ಗೇನೇ ಮರ ಹತ್ತುಸ್ದೆ."

ಜಗಲಿಯ ಮೇಲೆ ಮೂವತ್ತು ಕಟ್ಟು, ಬಾಳೆನಾರಿನಲ್ಲಿ ಬಿಗಿದು, ನೀರು ಚಿಮುಕಿಸಿ, ಸಾಲಾಗಿ ಇಟ್ಟಿದ್ದರು. ಗಿರಿಜಾಳ ಮುಖ ಅರಳಿತು. ಕೂತಲ್ಲೇ ನಂಬರು ಬರೆದು ಎಲ್ಲವನ್ನೂ ಪೆಟ್ಟಿಗೆಗೆ ಸೇರಿಸಿದಳು. ನಾನು ಒಳಗೆ ಹೋಗಿ ಅತ್ತಿಗೆ ಚಟ್ನಿ ರುಬ್ಬುವಾಗ ಒರಳಿನ ಪಕ್ಕ ಕೂತೆ.

"ನಿಮ್ಮಣ್ಣ ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ಕಣೇ ಶಾರದಾ," ಎಂದಳು ಅತ್ತಿಗೆ. "ಫಲ ಬಿಡೋ ಮರದ ಸುಳೀಗೆ ಕತ್ತಿ ತೋರ್ಸೋದಾ ಅಂತ. ಆಮೇಕೆ ಹಿತ್ಲಲ್ಲಿರೋ ಗೊಡ್ಡು ಮರ ನೆನಪಾಯ್ತು ನೋಡು. ಮೂವತ್ತು ಕಟ್ಟೂ ಅದ್ರಲ್ಲೇ ಕುಯ್ಸುದ್ರು. ಒಂದೇ ತೋಟದ ಎಲೆ, ಯಾವ ಮರದ್ದಾದ್ರೇನು ಬುಡು."

ಅವಳು ಸಂತೋಷದಿಂದಲೇ ಹೇಳಿದಳು. ನನಗೆ ಮಾತ್ರ ಬಸ್ಸಿನಲ್ಲಿ ಕೇಳಿದ ಗಂಜಿಯ ತಟ್ಟೆ ಕಣ್ಣ ಮುಂದೆ ಬಂತು. ಎದ್ದು ಜಗಲಿಗೆ ಬಂದು ಗಿರಿಜಾಳಿಗೆ ಹೇಳಿದೆ. ಅವಳು ಪೆಟ್ಟಿಗೆಯ ಮುಚ್ಚಳ ತೆರೆದು, ಈಗಷ್ಟೇ ನಂಬರು ಬರೆದಿದ್ದ ಕಟ್ಟುಗಳನ್ನು ನೋಡಿದಳು.

"ಒಬ್ಬನ ರಕ್ತಾನೇ ಮೂವತ್ತು ಸೀಸೆಗೆ ತುಂಬಿದ ಹಾಗಾಯ್ತು ದೊಡ್ಡಮ್ಮ. ಗೆರೆ ಎಲ್ಲಾ ಒಂದೇ ಬಂದು, ಈ ಊರಿನ ಮರಗಳಲ್ಲಿ ಭೇದವೇ ಇಲ್ಲ ಅಂತ ಬರೆದುಬಿಡ್ತಿದ್ದೆ."

ಅಣ್ಣನನ್ನು ನಾನೇ ಕೇಳಿದೆ. ಅವನು ಬಚ್ಚಿಡಲಿಲ್ಲ.

"ಸುಳಿ ಅಂದ್ರೆ ಮರದ ಜೀವ ಕಣವ್ವ. ದುಂಬಿ ಸುಳಿ ಕೊರ್ದು ಬಾವಿ ಪಕ್ಕದ ಮರದ ಸಾಲು ನಿಂತಂಗೇ ಒಣಗಿದ್ದ ಕಂಡೋನು ನಾನು. ತವರಿಗೆ ಬಂದ ಹೆಣ್ಮಗೀಗೆ ಇಲ್ಲ ಅನ್ನಕೆ ಬಾಯಿ ಬರ್ಲಿಲ್ಲ, ಮರ ಮುಟ್ಸಕೆ ಕೈ ಬರ್ಲಿಲ್ಲ."

"ಸುಳಿ ಕೀಳಲ್ಲ ಮಾವ, ಪಕ್ಕದ ಗರೀಲಿ ನಾಲ್ಕೇ ಎಲೆ," ಎಂದಳು ಗಿರಿಜಾ.

"ಗೊತ್ತು ಮಗ. ತಲೇಗೆ ಗೊತ್ತು," ಎಂದು ಟವೆಲು ಕೊಡವಿ ತೋಟದ ಕಡೆ ಹೊರಟುಹೋದ.

ಗಿರಿಜಾ ಅಳಲಿಲ್ಲ. ಆದರೆ ಊಟಕ್ಕೆ ಕೂತವಳು ತಟ್ಟೆಯಲ್ಲಿ ಬೆರಳಾಡಿಸಿ ಎದ್ದಳು. ಅದನ್ನು ನೋಡಿ ಅತ್ತಿಗೆಗೆ ತಡೆಯಲಾಗಲಿಲ್ಲ. "ಒಂದೇ ತೋಟದಲ್ಲಿ ಮೂವತ್ತು ಮರ ಅಂದ್ರೆ ಯಾರಿಗಾದ್ರೂ ಎದೆ ಧಸಕ್ ಅಂತದೆ. ಕಾರ್ತಿಕದ ದೀಪಕ್ಕೆ ನಾವು ಎಣ್ಣೆ ಎತ್ತಲ್ವಾ, ಮನೆಗೊಂದು ಸೌಟು? ಹಂಗೇ ಮನೆಗೊಂದು ಮರ ಕೇಳಾಣ."

"ಆಗುತ್ತಾ?" ಎಂದು ಗಿರಿಜಾಳನ್ನು ಕೇಳಿದೆ.

"ಊರಿನ ಮರ ಆದ್ರೆ ಸಾಕು ದೊಡ್ಡಮ್ಮ. ಹಾಗೆ ಹರಡಿಕೊಂಡಿದ್ರೆ ಇನ್ನೂ ಒಳ್ಳೇದೇ."

ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು ಮೂವರೂ ಹೊರಟೆವು. ಹಿಂದೆ ತಿಮ್ಮಯ್ಯ ಹಗ್ಗ ಹೆಗಲಿಗೆ ಹಾಕಿಕೊಂಡು, "ನೆನ್ನೆ ಒಂದೇ ಮರಕ್ಕೆ ಮೂವತ್ತು ಕಟ್ಟು ಕಟ್ಟಿ ಹಾಯಾಗಿದ್ದೆ. ಈ ಓದಿದೋರ ಸಾವಾಸ!" ಎಂದು ಗೊಣಗುತ್ತ ಬಂದ. ಮೊದಲ ಮನೆಯವಳು, "ಒಂದೇ ಮರ ತಾನೆ, ತಕೊಳ್ಳಿ," ಎಂದಳು. ಅವಳು ಕೊಟ್ಟಳೆಂದು ಪಕ್ಕದವಳೂ ಕೊಟ್ಟಳು. ಒಬ್ಬ ಅಜ್ಜ ಮಾತ್ರ ಬೇಲಿಯ ಮರ ತೋರಿಸಿ, "ಅದ್ರಲ್ಲಿ ಕುಯ್ಕಳ್ಳಿ. ಅದು ನಂದಾ ನನ್ನ ತಮ್ಮಂದಾ ಅಂತ ಇನ್ನೂ ಇತ್ಯರ್ಥ ಆಗಿಲ್ಲ," ಎಂದ. ತಮ್ಮ ಬೇಲಿಯಾಚೆಯಿಂದಲೇ, "ಕುಯ್ಕಳ್ರವ್ವ, ಧರ್ಮ ನಂದು ಅಂತ ಬರ್ಕಳ್ಳಿ!" ಎಂದು ಕೂಗಿದ. ಗಿರಿಜಾ ಬೆಳಗಿನಿಂದ ಮೊದಲ ಸಲ ನಕ್ಕಳು.

ಎಲ್ಲರೂ ಕೊಟ್ಟರೆಂದಲ್ಲ. ಒಬ್ಬರು ಬಾಗಿಲು ತೆರೆಯಲಿಲ್ಲ. ಇನ್ನೊಬ್ಬರು, ಮಗಳ ಹೆರಿಗೆ ಆಗಲಿ, ಆಮೇಲೆ ನೋಡೋಣ ಎಂದರು. ನಾವೂ ಒತ್ತಾಯ ಮಾಡಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಮೂವತ್ತು ದಾಟಿ ಮೇಲೆರಡು ಕಟ್ಟು ಆಗಿದ್ದವು. ಆ ದಿನ ಮೋಡ ಮುಸುಕಿದ್ದರಿಂದ ಮಂಜುಗಡ್ಡೆಯೂ ಪೂರ್ತಿ ಕರಗಿರಲಿಲ್ಲ. ಗೊಡ್ಡು ಮರದ ಕಟ್ಟುಗಳನ್ನು ತೆಗೆದು ಹಾಕಲು ಹೋದರೆ ಗಿರಿಜಾ ತಡೆದಳು. "ಎರಡು ಇರಲಿ. ಎರಡಕ್ಕೂ ಒಂದೇ ಗೆರೆ ಬಂದ್ರೆ ನಮ್ಮ ಕೆಲಸ ಸರಿಯಾಗಿದೆ ಅಂತ ಗೊತ್ತಾಗುತ್ತೆ."

ಅಣ್ಣ ಬೆಳಗಿನಿಂದ ಮುಖ ತೋರಿಸಿರಲಿಲ್ಲ. ಅವನಿಗೆ ಹೇಳದೆ ಹೊರಡುವುದು ನನಗೆ ಸಂಕಟವಾಯಿತು. ಬಸ್ಸಿನ ಹೊತ್ತಾಗಿತ್ತು. ಅತ್ತಿಗೆ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಕಳಿಸಿಕೊಟ್ಟಳು. ಬಸ್ಸು ಬಂದು ನಿಂತಿತು. ಪೆಟ್ಟಿಗೆ ಮೇಲಕ್ಕೆತ್ತುವಾಗ ತೋಟದ ದಾರಿಯಿಂದ ಅಣ್ಣ ಓಡಿಬರುವುದು ಕಾಣಿಸಿತು. ಆ ಭಾರೀ ಆಳು ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹಿಂದೆ ತಿಮ್ಮಯ್ಯ.

"ನಿಲ್ಲುಸ್ರಪ್ಪ, ನಿಲ್ಲುಸಿ!" ಅವನ ಟವೆಲಿನಲ್ಲಿ ಒಂದು ಕಟ್ಟು ಇತ್ತು. "ಊರೆಲ್ಲ ಕೊಟ್ಟು ರುದ್ರಣ್ಣನ ಮನೇದು ಇಲ್ಲ ಅಂದ್ರೆ ಹೆಂಗೆ? ಇದು ಬಾವಿ ಸಾಲಲ್ಲಿ ಉಳಿದಿದ್ದ ಮರದ್ದು ಸೊಸೆ. ಸುತ್ತ ಎಲ್ಲಾ ಸತ್ರೂ ಇದೊಂದು ನಿಂತ್ಕಂಡೈತೆ. ಯಾಕೆ ನಿಂತೈತೆ ನೋಡು."

"ಎಲೆ ಕುಯ್ಯೋವಾಗ ಬುಡದಾಗೆ ಕಣ್ ಮುಚ್ಕಂಡು ನಿಂತಿದ್ರು ಕಣಮ್ಮ," ಎಂದ ತಿಮ್ಮಯ್ಯ.

"ನಿನ್ ಕತ್ತಿ ಮೇಲೆ ನಂಬಿಕೆ ಇರ್ಲಿಲ್ಲ ಕಣ್ಲಾ!" ಎಂದು ಅಣ್ಣ ಗದರಿದ.

ಲೆಕ್ಕಕ್ಕೆ ಆ ಕಟ್ಟು ಬೇಕಿರಲಿಲ್ಲ. ಗಿರಿಜಾ ಬಸ್ಸಿನ ಮೆಟ್ಟಿಲ ಮೇಲೇ ಕೂತು, ಕಂಡಕ್ಟರು ಸೀಟಿ ಊದುತ್ತಿದ್ದರೂ, ಗೋಣಿ ಬಿಚ್ಚಿ, ನಂಬರು ಬರೆದು, ಮಂಜುಗಡ್ಡೆಯ ನಡುವೆ ಅದನ್ನು ಇಟ್ಟಳು. ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟ. ಬಸ್ಸು ಹೊರಟ ಮೇಲೆ ನಾನು ತಿರುಗಿ ನೋಡಿದೆ. ಅವನು ನಮ್ಮ ಕಡೆ ನೋಡುತ್ತಿರಲಿಲ್ಲ, ಕತ್ತೆತ್ತಿ ತೋಟದ ಕಡೆ ನೋಡುತ್ತಿದ್ದ.

ತಿಪಟೂರಿನಲ್ಲಿ ಪೆಟ್ಟಿಗೆಗೆ ಇನ್ನೊಮ್ಮೆ ಮಂಜುಗಡ್ಡೆ ತುಂಬಿಸಿ ಗಿರಿಜಾಳನ್ನು ಸಂಜೆಯ ರೈಲು ಹತ್ತಿಸಿದೆ. ಮನೆಗೆ ಬಂದಾಗ ನಮ್ಮವರು, "ಎಲೆ ಸಿಕ್ತಾ?" ಎಂದರು.

"ಸಿಕ್ತು. ರುದ್ರಣ್ಣನೂ ಕೊಟ್ಟ," ಎಂದೆ. ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಮುದ್ದೆಗೆ ಎಸರಿಟ್ಟೆ.