ಬಣ್ಣ ತಿರುಗದ ಕಿತ್ತಳೆ

ನಾನು ನಿಂತಿದ್ದದ್ದು ನಮ್ಮ ಹಿತ್ತಲ ಕಿತ್ತಳೆ ಮರದ ಪಡುವಣ ಮಗ್ಗುಲಲ್ಲಿ, ಬಚ್ಚಲ ಗೋಡೆಗೆ ಬೆನ್ನು ಕೊಟ್ಟು. ಅತ್ತೆಯ ಹನ್ನೊಂದನೆಯ ದಿನದ ತಿಥಿ. ಬೆಳಗಿನ ಬಿಸಿಲು ಇನ್ನೂ ಮರದ ನೆತ್ತಿಯಲ್ಲಿತ್ತು. ಎಡೆಗೆ ಇಡಲೆಂದು ಅಪ್ಪ ಮೊದಲ ಹಣ್ಣನ್ನು ಕಿತ್ತರು. ಸಿಪ್ಪೆ ಆಗಲೂ ಹಸಿರಾಗಿಯೇ ಇತ್ತು.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಚಿಕ್ಕಯ್ಯನಛತ್ರದ ಹತ್ತಿರದ ನಮ್ಮ ಮನೆಗೇ ಬಂದು ಉಳಿದವರು. ಸಸಿ ತಂದವರು ಅಪ್ಪ; ಪ್ರಾಯದಲ್ಲಿ ಅವರು ಕೊಡಗಿನ ತೋಟಗಳಲ್ಲಿ ದುಡಿದಿದ್ದರು. ಬೆಳೆಸಿದವರು ಅತ್ತೆ. ಬೇಸಿಗೆಯಲ್ಲಿ ತೊಗಟೆ ಬಿರಿಯದಂತೆ ಕಾಂಡಕ್ಕೆ ಸುಣ್ಣ ಬಳಿಯುತ್ತಿದ್ದರು, ಬುಡಕ್ಕೆ ಕಬ್ಬಿನ ತರಗು ಹೊದಿಸುತ್ತಿದ್ದರು. ಮಾಗಿಯಲ್ಲಿ ನೀರು ನಿಲ್ಲಿಸಿ, ಎಲೆ ಸುರುಟುವವರೆಗೆ ಕಾದು, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಡುತ್ತಿದ್ದರು. ಮರ ಬಾಡಿ ಚೇತರಿಸಿಕೊಂಡರೇ ಹೂವು. ಆ ವರ್ಷ ಮೊದಲ ಸಲ ಹೂವು ಕಾಯಿ ಕಚ್ಚಿತು.

ನಮ್ಮಲ್ಲಿ ಮೊದಲ ಫಸಲನ್ನು ಮನೆದೇವರು ನಂಜುಂಡಪ್ಪನಿಗೆ ಒಪ್ಪಿಸದೆ ಯಾರೂ ಬಾಯಿಗೆ ಹಾಕುವುದಿಲ್ಲ. ದೀಪಾವಳಿಯ ಹೊತ್ತಿಗೆ ಅತ್ತೆ ಉಬ್ಬಸದಿಂದ ಹಾಸಿಗೆ ಹಿಡಿದಿದ್ದರು. ಊಟ ಸೇರುತ್ತಿರಲಿಲ್ಲ. ಅವರು ಆಸೆಪಟ್ಟು ಕೇಳಿದ್ದು ತಾವು ಬೆಳೆಸಿದ ಹಣ್ಣಿನ ಒಂದು ತೊಳೆ, ಅಷ್ಟೇ. ಹಬ್ಬದ ದಿನ ಕೋಲು ಊರಿಕೊಂಡು ಮರದ ತನಕ ಬಂದು ಒಂದನ್ನು ಅದುಮಿ ನೋಡಿದರು.

"ಸಿಪ್ಪೆ ಸಡ್ಲ ಆಗ್ಯದೆ ಕಣ್ಲಾ. ಕಿತ್ಕಂಡೋಗಿ ದೇವ್ರುಗೆ ಒಪ್ಸು."

"ಇನ್ನೂ ಅಣ್ಣಾಗಿಲ್ಲ ಕಣಕ್ಕ, ಬಣ್ಣ ತಿರುಗ್ಲಿ ಇರು," ಎಂದರು ಅಪ್ಪ. "ಅಸ್ರುಗಾಯ ನಂಜುಂಡಪ್ಪನ ಮುಂದೆ ಇಕ್ಕಕ್ಕಾಯ್ತದಾ? ಕೊಡಗಲ್ಲಿ ನಾನು ಕಂಡಿಲ್ವಾ?"

"ಕೊಡಗಲ್ಲಿ ನೀನು ಸ್ವೆಟರ್ ಆಕ್ಕಂಡು ತಿರುಗ್ತಿದ್ದೆ. ಇಲ್ಲಿ ದೀಪಾವಳೀಲೂ ಬನೀನಲ್ಲೇ ನಿಂತಿದ್ದೀಯ. ಮರಕ್ಕೆ ಅಷ್ಟೂ ಗೊತ್ತಾಗಕಿಲ್ವಾ?"

ಅವ್ವ, ತಂಗಿ, ನಾನು, ಎಲ್ಲರೂ ನಕ್ಕೆವು. ಅಪ್ಪನೂ ನಕ್ಕರು. ಆ ನಗುವಿನಲ್ಲಿ ಮಾತು ಅಲ್ಲಿಗೇ ಮುಗಿದುಹೋಯಿತು.

ಆಮೇಲೆ ಅತ್ತೆಗೆ ಮರದ ಹತ್ತಿರ ಬರಲಾಗಲಿಲ್ಲ. ತಾಂಡ್ಯದ ಕಾರ್ಖಾನೆಯ ಕೆಲಸ ಮುಗಿಸಿ ನಾನು ಮನೆಗೆ ಬಂದಾಗಲೆಲ್ಲ ಮಲಗಿದ್ದಲ್ಲಿಂದಲೇ ಕೇಳುತ್ತಿದ್ದರು, "ತಿರುಗ್ತಾ ಮಗ?" ನಾನು ಹಿತ್ತಲಿಗೆ ಹೋಗಿ ನೋಡಿ ಬಂದು, "ಇಲ್ಲ ಅತ್ತೆ" ಎನ್ನುತ್ತಿದ್ದೆ. ಸುಳ್ಳೇನಲ್ಲ, ಬಣ್ಣ ತಿರುಗಿರಲಿಲ್ಲ. ಕಾರ್ತಿಕ ಕಳೆದ ಮೇಲೆ ಅವರು ಹೋಗಿಬಿಟ್ಟರು.

ತಿಥಿಯ ಬೆಳಿಗ್ಗೆ ಅಪ್ಪ, "ಕಾಯಾದ್ರೂ ಸರಿ, ಅಕ್ಕನ ಎಡೆಗೆ ಇಡನ. ನಂಜುಂಡಪ್ಪ ಕ್ಷಮ್ಸ್ಲಿ" ಎಂದು ಕಿತ್ತ ಹಣ್ಣು ಅದು. ಹೆಬ್ಬೆರಳು ತಾಕಿದ ಕೂಡಲೇ ಸಿಪ್ಪೆ ಬಿಟ್ಟುಕೊಂಡಿತು. ಒಳಗೆ ತೊಳೆಗಳಿಗೆ ಪೂರಾ ಬಣ್ಣ ಬಂದಿತ್ತು, ಆದರೆ ರಸವಿರಲಿಲ್ಲ. ಹಣ್ಣಾಗಿ ಬಹಳ ದಿನವಾಗಿ, ಮರದಲ್ಲೇ ಬತ್ತಿಹೋಗಿದ್ದವು. ಅಪ್ಪ ಇನ್ನೊಂದು ಬಿಡಿಸಿದರು. ಅದೂ ಹಾಗೆಯೇ. ರಾತ್ರಿಯ ಚಳಿ ಸಾಲದ ಕಡೆ ಕಿತ್ತಳೆಯ ಸಿಪ್ಪೆ ಹಸಿರಾಗಿದ್ದಂತೆಯೇ ಒಳಗೆ ಹಣ್ಣಾಗುತ್ತದೆ ಎಂಬುದನ್ನು ನಾವು ಆಮೇಲೆ ತಿಳಿದೆವು. ಅತ್ತೆ ಅಂದು ತಮಾಷೆಗೆ ಅಂದರೋ, ತಿಳಿದೇ ಅಂದರೋ, ನಾನು ಹೇಳಲಾರೆ.

ಅಪ್ಪ ಒಣಗಿದ ತೊಳೆಗಳನ್ನು ಎಡೆಯ ಅಂಚಿನಲ್ಲಿಟ್ಟರು. ಹಸಿರು ಸಿಪ್ಪೆಯನ್ನು ಕೈಯಲ್ಲೇ ಹಿಡಿದು ಕುಳಿತರು. ಊಟಕ್ಕೆ ಕರೆದಾಗಲೂ ಏಳಲಿಲ್ಲ.

ಅಪ್ಪ ಈಗಿಲ್ಲ. ಆ ತೊಳೆಗಳನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಇನ್ನೂ ಬದುಕಿರುವವರು ಅವ್ವ, ಮತ್ತೆ ಟಿ. ನರಸೀಪುರಕ್ಕೆ ಕೊಟ್ಟಿರುವ ನನ್ನ ತಂಗಿ.