ತಕ್ಕಡಿಗೆ ಮೊದಲು ಏರುತ್ತಿದ್ದ ಪುಟ್ಟು

ಹೋದ ತಿಂಗಳು ಗರುಡಾಚಾರ್‌ಪಾಳ್ಯದ ಅಂಗನವಾಡಿಯನ್ನು ಬೇರೆ ಬಾಡಿಗೆ ಮನೆಗೆ ಸಾಗಿಸಿದೆವು. ಹಳೇ ಮನೆಯ ಮಾಲೀಕರಿಗೆ ಅದನ್ನು ಕೆಡವಿ ಪಿ.ಜಿ. ಕಟ್ಟಿಸುವ ಅವಸರ. ಮೇಲ್ವಿಚಾರಕಿಯಾದ ನಾನು ಸಾಗಣೆ ನೋಡಿಕೊಳ್ಳಲು ಹೋಗಿದ್ದೆ, ಅಂದರೆ ಕುರ್ಚಿಯಲ್ಲಿ ಕೂತು ‘ಹುಷಾರು, ಹುಷಾರು’ ಎನ್ನುತ್ತಿದ್ದೆ. ಸಹಾಯಕಿ ಮೂಲೆಯಲ್ಲಿದ್ದ ತಗಡಿನ ಟ್ರಂಕಿನ ಮುಚ್ಚಳ ತೆಗೆದಳು. ಮಕ್ಕಳ ಪೌಡರಿನ ವಾಸನೆ ಗಪ್ಪೆಂದು ಮೂಗಿಗೆ ಬಂತು. ಒಳಗೆ ಬಣ್ಣ ಮಾಸಿದ ಹಳದಿ ಫ್ರಾಕು, ಫ್ರಾಕಿನೊಳಗೆ ಒಂದು ಗುಂಡುಕಲ್ಲು.

“ಅಯ್ಯೋ ಮೇಡಂ, ಯಾರೋ ಕಲ್ಲಿಗೆ ಫ್ರಾಕ್ ಹಾಕವ್ರೆ! ಮಾಟ ಗೀಟ ಏನಾದ್ರೂ ಮಾಡ್ಸವ್ರಾ?” ಎಂದು ಸಹಾಯಕಿ ಎರಡು ಹೆಜ್ಜೆ ಹಿಂದೆ ಸರಿದಳು.

“ಮಾಟ ಅಲ್ಲ ಕಣಮ್ಮ. ಅದು ಪುಟ್ಟು” ಎಂದೆ.

ಹತ್ತು ಹನ್ನೆರಡು ವರ್ಷದ ಹಿಂದೆ ಅಲ್ಲಿ ಒಬ್ಬರು ಟೀಚರ್ ಇದ್ದರು. ಹುಟ್ಟಿ ಬೆಳೆದದ್ದು ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ, ಮದುವೆಯಾಗಿ ಬಂದದ್ದು ಈ ಪಾಳ್ಯಕ್ಕೆ. ಮನೆಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ, ಬೈಯುವುದಕ್ಕೆ ಮಾತ್ರ ದಖನಿ ಉರ್ದು. ಕುಳ್ಳಗಿದ್ದರು, ನಡಿಗೆ ಜೋರು, ಸೆರಗಿನ ತುದಿಯಲ್ಲಿ ಸದಾ ಯಾವುದೋ ಮಗುವಿನ ಮೂಗು ಒರೆಸಿದ ಗುರುತು. ನಾನು ಆಗಷ್ಟೇ ಮೇಲ್ವಿಚಾರಕಿಯಾಗಿ ಬಂದಿದ್ದೆ. ಅಪ್ಪ ಇನ್ಶೂರೆನ್ಸ್ ಕಂಪನಿಯ ನೌಕರ, ಬೆಳೆದದ್ದು ಇಂದಿರಾನಗರದ ಸ್ಟಾಫ್ ಕ್ವಾರ್ಟರ್ಸಿನಲ್ಲಿ. ಫೈಲು ನೆಟ್ಟಗಿದ್ದರೆ ಲೋಕವೂ ನೆಟ್ಟಗಿರುತ್ತದೆ ಎಂದು ನಂಬಿಕೊಂಡು ಬಂದ ಮನೆತನ ನಮ್ಮದು.

ಮೊದಲ ತಪಾಸಣೆಯ ದಿನವೇ ಅವರ ಲಾಂಗ್ ನೋಟ್‌ಬುಕ್ಕು ನನ್ನ ಕಣ್ಣಿಗೆ ಬಿತ್ತು. ಸರ್ಕಾರಿ ರಿಜಿಸ್ಟರಿನ ಜೊತೆಗೆ ಅವರು ಸ್ವಂತಕ್ಕೆ ಇಟ್ಟುಕೊಂಡಿದ್ದ ಪುಸ್ತಕ. ತಿಂಗಳು ತಿಂಗಳು ತೂಕ ಹಾಕಿದ ಮಕ್ಕಳ ಹೆಸರು, ಎದುರಿಗೆ ಚೌಕಗಳು. ಮೊದಲ ಸಾಲಿನಲ್ಲಿ ‘ಪುಟ್ಟು’. ತೂಕ ನಾಲ್ಕೂ ಮುಕ್ಕಾಲು ಕೆ.ಜಿ. ಮುಂದಿನ ತಿಂಗಳು ನಾಲ್ಕೂ ಮುಕ್ಕಾಲು. ಅದರ ಮುಂದಿನದ್ದೂ ಅಷ್ಟೇ. ಎಂಟು ತಿಂಗಳಿಂದ ಒಂದು ಗ್ರಾಮೂ ಹೆಚ್ಚಾಗದ ಮಗು! ನನಗೆ ಎಲ್ಲಿಲ್ಲದ ಕೋಪ ಬಂತು.

“ಏನ್ರೀ ಇದು? ಮಗು ಎಂಟು ತಿಂಗಳಿಂದ ಬೆಳೀತಾನೇ ಇಲ್ಲ, ನೀವು ಸುಮ್ನೆ ಬರ್ಕೊಂಡು ಕೂತಿದೀರಲ್ಲ? ಆಸ್ಪತ್ರೆಗೆ ಯಾಕೆ ಕಳ್ಸಿಲ್ಲ? ಮೊದ್ಲು ಕರೀರಿ ಅದ್ರ ಅಮ್ಮನ್ನ!”

ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ತಡೆಯುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಒಳಗಿನಿಂದ ಪುಟ್ಟುವನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಕೂರಿಸಿದರು. ಹಳದಿ ಫ್ರಾಕು, ಹಣೆಯ ಜಾಗದಲ್ಲಿ ಕಾಡಿಗೆ ಬೊಟ್ಟು, ಮೈತುಂಬ ಪೌಡರು. “ಅಮ್ಮ ಇಲ್ಲ ಮೇಡಂ ಇದ್ಕೆ. ನಮ್ಮಮ್ಮ ಖಾರ ಅರೀತಿದ್ದ ಕಲ್ಲು” ಎಂದರು. ಮಕ್ಕಳೆಲ್ಲ ಹೋ ಎಂದು ನಕ್ಕವು. ನಾನು ಬಿಗುಮಾನದಿಂದ ಕನ್ನಡಕ ಒರೆಸಿಕೊಂಡೆ.

ಸಂಗತಿ ಇಷ್ಟೇ. ಆಗ ತೂಕ ಹಾಕುತ್ತಿದ್ದದ್ದು ಕೊಕ್ಕೆಗೆ ನೇತು ಹಾಕುವ ಸ್ಪ್ರಿಂಗ್ ತಕ್ಕಡಿಯಲ್ಲಿ. ಕೆಳಗೆ ಬಟ್ಟೆಯ ಜೋಲಿ, ಜೋಲಿಯಲ್ಲಿ ಮಗು. ಒದ್ದಾಡುವ ಮಕ್ಕಳ ದೆಸೆಯಿಂದ ಸ್ಪ್ರಿಂಗು ಸಡಿಲವಾಗುತ್ತಿತ್ತು. ಮುಳ್ಳು ಸೊನ್ನೆಯಲ್ಲಿ ಸಾಧುವಾಗಿ ನಿಂತಿದ್ದು, ಭಾರ ಬಿದ್ದಾಗ ಸುಳ್ಳು ಹೇಳುತ್ತಿತ್ತು. ಟೀಚರ್ ಆ ಗುಂಡುಕಲ್ಲನ್ನು ಹಲಸೂರಿನ ಮಾರ್ಕೆಟ್ಟಿಗೆ ಹೊತ್ತೊಯ್ದು, ಮುದ್ರೆ ಒತ್ತಿದ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಿದ್ದರು. ತೂಕದ ದಿನ ಮೊದಲು ಏರುತ್ತಿದ್ದದ್ದು ಪುಟ್ಟು. ಮುಳ್ಳು ನಾಲ್ಕೂ ಮುಕ್ಕಾಲು ತೋರಿಸಿದರೆ ಮಾತ್ರ ಮಕ್ಕಳ ಸರದಿ. ಜೋಲಿ ಕಂಡರೆ ಕಿರುಚುವ ಮಕ್ಕಳಿಗೂ ಅದೊಂದು ಪಾಠವಾಗಿತ್ತು. “ನೋಡ್ರೋ, ಪುಟ್ಟು ಅತ್ತನಾ? ಅಳ್ಳಿಲ್ಲ ತಾನೆ?” ಎಂದು ಕೇಳುತ್ತಿದ್ದರು. ಫ್ರಾಕು ಹಾಕಿದ್ದು, ಪೌಡರು ಬಳಿದದ್ದು ಎಲ್ಲ ಮಕ್ಕಳದೇ ಕಾರುಬಾರು. ಫ್ರಾಕು ಹಾಕಿಯೂ ಪುಟ್ಟು ಗಂಡುಮಗು ಎಂಬುದರಲ್ಲಿ ಅವಕ್ಕೆ ಅನುಮಾನವೇ ಇರಲಿಲ್ಲ. ತೂಗುವ ಮುಂಚೆ ಫ್ರಾಕು ಬಿಚ್ಚಿಸುವುದನ್ನು ಮಾತ್ರ ಟೀಚರ್ ಮರೆಯುತ್ತಿರಲಿಲ್ಲ.

ಅವರಿಂದ ನಾನು ಕೆಲಸ ಕಲಿತೆ. ಬಾಯಿಬಿಟ್ಟು ಹಾಗೆ ಎಂದೂ ಹೇಳಲಿಲ್ಲ ಅಷ್ಟೆ… ಹೇಳಬೇಕಾಗಿತ್ತು.

ಅದೇ ವರ್ಷ ಪಾಳ್ಯದ ಒಂದು ದೊಡ್ಡ ಕಟ್ಟಡದ ಕೆಲಸಕ್ಕೆ ಯಾದಗಿರಿ ಕಡೆಯ ಕುಟುಂಬಗಳು ಬಂದು ಶೀಟಿನ ಕೋಣೆಗಳಲ್ಲಿದ್ದವು. ಅವರಲ್ಲೊಂದು ಮನೆಯ ಒಂದೂವರೆ ವರ್ಷದ ಹೆಣ್ಣುಮಗು ಮಲ್ಲಮ್ಮ. ಅಜ್ಜಿಯ ಹೆಸರಂತೆ. ಹೆಸರೇ ಅವಳಿಗಿಂತ ಭಾರ ಎಂದು ಟೀಚರ್ ನಗುತ್ತಿದ್ದರು. ನಗುತ್ತಿದ್ದರೂ ಅವಳ ಮೇಲೆ ಒಂದು ಕಣ್ಣಿಟ್ಟಿದ್ದರು. ಏಳೂ ನಾಲ್ಕು ಇದ್ದಳು, ಅಂದರೆ ಏಳು ಕೆ.ಜಿ. ನಾನೂರು ಗ್ರಾಂ. ಬೆಳವಣಿಗೆಯ ಚಾರ್ಟಿನಲ್ಲಿ ಅದು ಹಳದಿ ಪಟ್ಟಿ. ಸ್ವಲ್ಪ ಜಾರಿದರೂ ಕೆಂಪು.

ಮುಂದಿನ ತೂಕದ ದಿನ ಪುಟ್ಟು ಏರಿದಾಗ ಮುಳ್ಳು ಐದು ತೋರಿಸಿತು. ಟೀಚರ್ ಎರಡು ಸಲ ತೂಗಿದರು, ಮೂರು ಸಲ ತೂಗಿದರು. ಕೊನೆಗೆ ತಕ್ಕಡಿ ಇಳಿಸಿ, ಮಕ್ಕಳನ್ನು ಆಟಕ್ಕೆ ಬಿಟ್ಟು, ಆ ತಿಂಗಳ ಅಷ್ಟೂ ಚೌಕಗಳನ್ನು ಖಾಲಿ ಬಿಟ್ಟರು. ನನಗೋ ಮಾರನೆಯ ದಿನವೇ ಮೀಟಿಂಗು. ಖಾಲಿ ಚೌಕ ಕಂಡರೆ ಮೇಲಿನ ಸಾಹೇಬರು ಎಲ್ಲರೆದುರಿಗೇ ನೀರಿಳಿಸುತ್ತಿದ್ದರು.

“ಕಾಲು ಕೆ.ಜಿ. ಜಾಸ್ತಿ ತೋರ್ಸತ್ತೆ ಅಂತ ಗೊತ್ತಲ್ಲ, ಕಳೆದು ಬರೀರಿ” ಎಂದೆ.

“ಕಲ್ಲಿಗೆ ಕಾಲು ಜಾಸ್ತಿ ತೋರ್ಸತ್ತೆ ಮೇಡಂ. ಹತ್ತು ಕೆ.ಜಿ. ಮಗೂಗೆ ಎಷ್ಟು ತೋರ್ಸತ್ತೋ ಯಾರಿಗ್ ಗೊತ್ತು? ಗೊತ್ತಿಲ್ದೆ ಇರೋದನ್ನ ನಾನ್ ಬರಿಯಲ್ಲ. ಒಂದ್ ವಾರ ಕೊಡಿ, ಕೆ.ಆರ್. ಪುರದ ಕೇಂದ್ರದಿಂದ ಬೇರೆ ತಕ್ಕಡಿ ತರ್ತೀನಿ.”

ನಾನು ಒಂದು ವಾರ ಕೊಡಲಿಲ್ಲ. ರಿಜಿಸ್ಟರನ್ನು ಆಫೀಸಿಗೆ ತರಿಸಿಕೊಂಡು ನಾನೇ ತುಂಬಿದೆ. ಹೋದ ತಿಂಗಳ ತೂಕಕ್ಕೆ ನೂರು ಗ್ರಾಂ, ಇನ್ನೂರು ಗ್ರಾಂ ಸೇರಿಸುತ್ತ ಹೋದೆ, ಅಷ್ಟೆ. ಮಕ್ಕಳು ಬೆಳೆಯುವುದೇ ಹಾಗಲ್ಲವೇ? ಮಲ್ಲಮ್ಮನ ಎದುರಿಗೆ ಏಳೂವರೆ ಎಂದು ಬರೆದೆ. ಮೀಟಿಂಗಿನಲ್ಲಿ ನನ್ನ ವರದಿಗೆ ಶಭಾಸ್‌ಗಿರಿ ಸಿಕ್ಕಿತು. ಅದನ್ನು ಇವತ್ತು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಟೀಚರ್ ಹೇಳಿದ ಮಾತಿನಂತೆ ಪುಟ್ಟುವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಕೆ.ಆರ್. ಪುರಕ್ಕೆ ಹೋದರು. ಅಲ್ಲಿನ ತಕ್ಕಡಿಗೆ ಮೊದಲು ಪುಟ್ಟುವನ್ನು ಏರಿಸಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ತಂದರು. ಬಸ್ಸಿನಲ್ಲಿ ಪಕ್ಕದವರು ಚೀಲದಲ್ಲಿ ಏನು ಎಂದು ಕೇಳಿದ್ದಕ್ಕೆ ‘ನಮ್ ಹೆಡ್ ಮಾಸ್ಟ್ರು’ ಎಂದರಂತೆ. ಆ ವಾರ ಮಲ್ಲಮ್ಮನಿಗೆ ಭೇದಿಯಾಗಿತ್ತು. ತೂಗಿದರೆ ಆರೂ ಒಂಬತ್ತು. ಕೆಂಪು.

ಅಂಥ ಮಗುವನ್ನು ದೊಡ್ಡಾಸ್ಪತ್ರೆಯ ಪೌಷ್ಟಿಕ ವಾರ್ಡಿಗೆ ಸೇರಿಸಬೇಕು. ಅದಕ್ಕೆ ನಮ್ಮ ಆಫೀಸಿನ ಪತ್ರ ಬೇಕು. ಟೀಚರ್ ಅವತ್ತೇ ಪತ್ರ ಬರೆದು ತಂದರು. ಸಾಹೇಬರು ನನ್ನ ವರದಿಯನ್ನೂ ಆ ಪತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳಿದರು: “ಒಂದ್ ವಾರದಲ್ಲಿ ಅರ್ಧ ಕೆ.ಜಿ.ಗಿಂತ ಜಾಸ್ತಿ ಇಳಿದೋಯ್ತಾ? ಎರಡ್ರಲ್ಲಿ ಯಾವ್ದಮ್ಮ ಸುಳ್ಳು?”

ನನ್ನದು ಸುಳ್ಳು ಸರ್ ಎಂದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, “ಇನ್ನೊಂದ್ಸಲ ತೂಕ ಹಾಕ್ಸಿ ನೋಡ್ತೀನಿ ಸರ್.” ನಾಲ್ಕು ದಿನ ಆ ಪತ್ರ ನನ್ನ ಡ್ರಾಯರಿನಲ್ಲಿತ್ತು. ಐದನೆಯ ದಿನ ಮನಸ್ಸು ತಡೆಯದೆ ಹೋಗಿ ಒಪ್ಪಿಕೊಂಡೆ. ಬೈಗುಳ ತಿಂದು, ಸಹಿ ಹಾಕಿಸಿಕೊಂಡು ಪಾಳ್ಯಕ್ಕೆ ಓಡಿದೆ. ಅಷ್ಟರಲ್ಲಿ ಶೀಟಿನ ಕೋಣೆಗಳನ್ನು ಬಿಚ್ಚುತ್ತಿದ್ದರು. ಕಟ್ಟಡದ ಕೆಲಸ ಮುಗಿದಿತ್ತು. ಹಿಂದಿನ ದಿನ ಮಲ್ಲಮ್ಮನ ತಾಯಿ ಕೇಂದ್ರಕ್ಕೆ ಬಂದು, “ಊರಿಗಿ ಹೊಂಟೀವ್ರಿ ಟೀಚರ್ರ. ಚೀಟಿ ಕೊಡ್ತೀನಂದ್ರಿ, ಬರಲೇ ಇಲ್ಲ. ಅಲ್ಲೇ ದವಾಖಾನಿಗಿ ತೋರಸ್ತೀವ್ರಿ” ಎಂದು ಹೇಳಿ ಹೋಗಿದ್ದಳು. ಟೀಚರ್ ಸಿಕ್ಕಷ್ಟು ಪೌಷ್ಟಿಕ ಹಿಟ್ಟನ್ನು ಕಟ್ಟಿಕೊಟ್ಟು, ಆ ಊರಿನ ಅಂಗನವಾಡಿಗೆ ತೋರಿಸಲೆಂದು ಸರಿಯಾದ ತೂಕ ಬರೆದ ಚೀಟಿಯನ್ನು ತಾಯಿಯ ಕೈಗಿತ್ತಿದ್ದರು.

ನಾನು ಸಹಿಯಾದ ಪತ್ರ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದೆ. ಅವರು ಕೂಗಾಡಲಿಲ್ಲ, ದಖನಿಯಲ್ಲೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಖಾಲಿ ಇದ್ದಿದ್ರೆ ಯಾಕ್ ಖಾಲಿ ಅಂತ ಯಾರಾದ್ರೂ ಕೇಳೋರು ಮೇಡಂ. ತುಂಬಿದ್ಮೇಲೆ ಯಾರು ಕೇಳ್ತಾರೆ?” ಎಂದಷ್ಟೇ ಹೇಳಿ, ಒಲೆಯ ಮೇಲಿದ್ದ ಅನ್ನ ನೋಡಲು ಒಳಗೆ ಹೋದರು.

ಆಮೇಲೆಯೂ ನಾನು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಿದ್ದೆ. ಟೀ ಕೊಡುತ್ತಿದ್ದರು, ಮಾತಾಡುತ್ತಿದ್ದರು, ಯಾವುದರಲ್ಲೂ ಕೊರತೆ ಮಾಡಲಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಮಲ್ಲಮ್ಮನ ಹೆಸರು ಮಾತ್ರ ಹಾಗೇ ಇತ್ತು. ಊರು ಬಿಟ್ಟು ಹೋದವರ ಹೆಸರು ಹೊಡೆದು ಹಾಕುವುದು ವಾಡಿಕೆ. ಇವರು ಹೊಡೆಯಲಿಲ್ಲ. ಹೊಸ ಪುಟ ಬಂದಾಗಲೂ ಹೆಸರು ಬರೆದು, ಎದುರಿಗೆ ಖಾಲಿ ಚೌಕ. ನಾನು ಆ ಸಾಲಿನ ಮೇಲೆ ಕಣ್ಣು ನಿಲ್ಲಿಸದೆ ಪಕ್ಕದ ಸರ್ಕಾರಿ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದೆ. ಹಲಸೂರಿನ ಕಡೆಗೆ ವರ್ಗವಾದಾಗ, ಸತ್ಯ ಹೇಳುತ್ತೇನೆ, ಉಸ್ಸಪ್ಪ ಎಂದುಕೊಂಡೆ.

ವರ್ಗವಾಗಿ ಕೆಲವು ವರ್ಷಗಳಾದ ಮೇಲೆ, ಒಂದು ಶ್ರಾವಣದಲ್ಲಿ, ಅವರ ಫೋನು ಬಂತು. ಮೊಬೈಲಿನಲ್ಲಿ ‘ಪಾಳ್ಯ ಟೀಚರ್’ ಎಂದು ಮೂಡಿತು. ಮಲ್ಲಮ್ಮನ ಕೆಟ್ಟ ಸುದ್ದಿಯೇ ಇರಬೇಕು ಎನಿಸಿ ಎತ್ತಲಿಲ್ಲ. ಮಾರನೆಯ ದಿನ ಮತ್ತೆ ಬಂತು. ವರಮಹಾಲಕ್ಷ್ಮಿ ಹತ್ತಿರವಿತ್ತಲ್ಲ, ಅರಿಶಿನ ಕುಂಕುಮಕ್ಕೆ ಕರೆಯುವುದಕ್ಕಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಆಗಲೂ ಎತ್ತಲಿಲ್ಲ. ನಿವೃತ್ತರಾದರೆಂದು ಕೇಳಿದೆ. ಹೋಗಿ ನೋಡಬೇಕು ಎಂದುಕೊಂಡೆ. ಹಲಸೂರಿನಿಂದ ಈಗ ಮೆಟ್ರೋ ಇದೆ, ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆ ನನಗೆ ಸಿಗಲೇ ಇಲ್ಲ… ತೀರಿಕೊಂಡರೆಂಬ ಸುದ್ದಿ ಇಲಾಖೆಯ ಗ್ರೂಪಿನಲ್ಲಿ ಬಂದಾಗ ಎಲ್ಲರಂತೆ ನಾನೂ ಕೈಮುಗಿದ ಚಿತ್ರವೊಂದನ್ನು ಹಾಕಿ ಕೆಲಸಕ್ಕೆ ಕೂತೆ. ಅದಾದ ಮರುವರ್ಷ ನನ್ನನ್ನು ಮತ್ತೆ ಇದೇ ವಲಯಕ್ಕೆ ಹಾಕಿದರು.

ಟ್ರಂಕಿನಲ್ಲಿ ಪುಟ್ಟುವಿನ ಕೆಳಗೆ ಕಂದು ಕಾಗದದ ಹೊದಿಕೆ ಹಾಕಿದ ಆ ಲಾಂಗ್ ನೋಟ್‌ಬುಕ್ಕೂ ಇತ್ತು. ಸಹಾಯಕಿ ಸಾಮಾನು ಹೊರಲು ಹೊರಗೆ ಹೋಗಿದ್ದಳು. ನಾನು ನೆಲದ ಮೇಲೆ ಕೂತು ಪುಟ ತಿರುವಿದೆ. ಪುಟ್ಟು ನಾಲ್ಕೂ ಮುಕ್ಕಾಲು, ಪುಟ್ಟು ನಾಲ್ಕೂ ಮುಕ್ಕಾಲು. ಮಲ್ಲಮ್ಮ ಖಾಲಿ, ಖಾಲಿ, ಖಾಲಿ. ನನ್ನ ವರ್ಗಾವಣೆಯ ತಿಂಗಳು ದಾಟಿತು. ಆಮೇಲೂ ಖಾಲಿ. ಕೊನೆಯ ಪುಟಗಳ ಹತ್ತಿರ, ಒಂದು ಶ್ರಾವಣದ ತಿಂಗಳಲ್ಲಿ, ಆ ಸಾಲಿನ ಚೌಕದಲ್ಲಿ ಒಂದು ಅಂಕಿ ಇತ್ತು. ಹದಿನಾರೂ ಎರಡು.

ಪಕ್ಕದಲ್ಲಿ ಅವರ ದುಂಡು ಅಕ್ಷರ: ‘ಮಲ್ಲಮ್ಮ ಬಂದಿದ್ದಳು. ಅಪ್ಪ ಅಮ್ಮ ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಇಲ್ಲೇ ಒಂದನೇ ಕ್ಲಾಸಿಗೆ ಸೇರಿದ್ದಾಳೆ. ಮೇಡಂಗೆ ಹೇಳಬೇಕು.’ ಅದರ ಕೆಳಗೆ ಇನ್ನೊಂದು ಸಾಲು: ‘ಫೋನ್ ಎತ್ತಲಿಲ್ಲ. ಆಮೇಲೆ ಮಾಡಬೇಕು.’

ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಬದುಕಿದ್ದಾಳೆ ಎಂಬ ಸಂತೋಷಕ್ಕೆ ಅತ್ತೆನೋ, ಆ ಸಂತೋಷವನ್ನು ನನಗೆ ಮುಟ್ಟಿಸಲೆಂದು ಎರಡೆರಡು ಸಲ ಪ್ರಯತ್ನಪಟ್ಟ ಆ ಜೀವಕ್ಕಾಗಿ ಅತ್ತೆನೋ. ಅವರು ನನ್ನನ್ನು ಕ್ಷಮಿಸಲೆಂದೇ ಫೋನು ಮಾಡಿದ್ದರು. ನಾನೇ ಎತ್ತಲಿಲ್ಲ.

ಬ್ಯಾಗಿನಿಂದ ಪೆನ್ನು ತೆಗೆದೆ. ಆ ಸಾಲಿನ ಕೆಳಗೆ ‘ತಿಳಿಯಿತು ಟೀಚರ್’ ಎಂದು ಬರೆಯಬೇಕು ಅನ್ನಿಸಿತ್ತು. ಮುಚ್ಚಳ ಬಿಚ್ಚಿದ ಮೇಲೆ ಕೈ ಓಡಲಿಲ್ಲ. ತಡವಾಗಿ ಬಂದು, ಬಿಟ್ಟುಹೋದ ಜಾಗ ಹುಡುಕಿ ತುಂಬುವುದು… ಈ ಕೆಲಸವನ್ನು ಹಿಂದೊಮ್ಮೆ ಇದೇ ಕೈ ಮಾಡಿತ್ತು. ಪೆನ್ನನ್ನು ಬ್ಯಾಗಿಗೆ ಹಾಕಿದೆ. ಫ್ರಾಕು ಸರಿಮಾಡಿ, ಪುಟ್ಟುವನ್ನು ಎತ್ತಿಕೊಂಡು ಹೊರಗೆ ಬಂದೆ. ಆ ಸಾಲಿನ ಕೆಳಗಿನ ಜಾಗ ಖಾಲಿಯೇ ಇದೆ.