ಭಂಡಾರದ ಬೆರಳಚ್ಚು

ಮೊಮ್ಮಗಳ ಮೊಬೈಲಿನ ಪತ್ತೇದಾರಿ ಕಥೆಯಲ್ಲಿ ‘ಸುಳಿವು’ ಎಂಬ ಮಾತು ಕೇಳಿ, ತೊಂಬತ್ತು ದಾಟಿದ ನನ್ನ ಎದೆ ಕುಣಿಯಿತು.

ಅಕ್ಕಲಕೋಟದ ಹತ್ತಿರ ನಮ್ಮ ಹಳ್ಳಿ. ಚಿಕ್ಕಂದಿನಲ್ಲಿ ಅಪ್ಪ ಅಂಥ ಕಥೆ ಓದಿ ಹೇಳುತ್ತಿದ್ದ. ಸುಳಿವು, ಸಂಶಯ, ಪಂಚನಾಮೆ ನನ್ನ ಬಾಯಲ್ಲೇ ಇರುತ್ತಿದ್ದವು. ಬೀರೋಬಾನ ಪೂಜೆಯ ದಿನ ಬೆಲ್ಲದ ಗಡಿಗೆಯ ಮೇಲೆ ಹಳದಿ ಬೆರಳಚ್ಚು ಕಂಡೆ. ಒಳಗೆ ಅರ್ಧ ಬೆಲ್ಲ ಮಾಯ.

“ಸುಳಿವು ಸಿಕ್ಕೈತಿ. ಎಲ್ಲಾರೂ ಕೈ ತೋರಸ್ರಿ.”

ಅಪ್ಪ ನಕ್ಕ. “ಇವತ್ತ ಭಂಡಾರ ಹತ್ತಲಾರದ ಕೈ ಯಾರ್ದೈತಿ?”

ನಿಜ. ದೇವರ ಆ ಅರಿಶಿನವನ್ನು ಸಂಜೆಯ ತನಕ ಯಾರೂ ತೊಳೆಯುತ್ತಿರಲಿಲ್ಲ. ಎಲ್ಲರ ಕೈಯೂ ಹಳದಿ, ನನ್ನದೂ.

“ಆಯಿ, ನಿನ್ನ ಕೈ?”

ಅಜ್ಜಿ ಸೆರಗಿನೊಳಗಿಂದ ಕೈ ತೆಗೆದಳು. ಎರಡೂ ತೊಳೆದು ಲಕಲಕ ಹೊಳೆಯುತ್ತಿದ್ದವು.

ಈಗ ಅಜ್ಜಿಯ ಹಾಗೆ ನನಗೂ ಬೆಲ್ಲ ನಿಷಿದ್ಧ. ಕದ್ದು ತಿಂದರೆ ಕೈ ತೊಳೆಯುವುದಿಲ್ಲ, ನೆಕ್ಕಿಬಿಡುತ್ತೇನೆ.